ಒಲೆ ಹಚ್ಚಿದ ಮೇಲೆ ಬಂದ ಜೇಡ

ತೋಫು ಅಂಗಡಿಯವರಿಗೆ ಬೆಳಗಾಗುವುದು ಸೂರ್ಯನನ್ನು ಕೇಳಿಕೊಂಡಲ್ಲ. ಒಲೆ ಹಚ್ಚಿದರೆ ಬೆಳಗಾಯಿತು, ಅಷ್ಟೇ. ಊರಿನವರು ಎರಡನೇ ನಿದ್ದೆಯಲ್ಲಿ ಮಗ್ಗುಲು ಬದಲಿಸುವಾಗ ಇವರ ಹಂಡೆಯಲ್ಲಿ ಸೋಯಾ ಹಾಲು ಕುದಿಯುತ್ತಿರುತ್ತದೆ.

ಇಸೊಹಾಮ ಎಂಬ ಕಡಲ ಊರಿನ ಆ ಅಂಗಡಿ ಈಗಿಲ್ಲ. ಅದಿದ್ದ ಜಾಗದಲ್ಲಿ ಕಾರು ನಿಲ್ಲಿಸುತ್ತಾರೆ. ಆದರೂ ಸವಾಕೊ ಆ ಕಡಲ ಬೀದಿಯಲ್ಲಿ ಹೋಗುವಾಗ ಇವತ್ತಿಗೂ ಒಂದು ಗಳಿಗೆ ನಿಲ್ಲುತ್ತಾಳೆ. ಕುದಿಯುವ ಹಾಲಿನ ಹಸಿ ವಾಸನೆ, ಸೌದೆಯ ಹೊಗೆ, ಅಜ್ಜಿಯ ಮರದ ಚಪ್ಪಲಿಯ ಟಕಟಕ, ಎಲ್ಲವೂ ಅಲ್ಲೇ ಎಲ್ಲೋ ಇವೆ ಅನ್ನಿಸುತ್ತದೆ. ಆಮೇಲೆ ಗೋಡೆಯ ಮೇಲಿನ ಆ ಎಂಟು ಕಾಲು ನೆನಪಾಗಿ, ವಯಸ್ಸಾದ ಹೆಂಗಸು ಬೀದಿಯಲ್ಲಿ ಒಬ್ಬಳೇ ನಗುತ್ತಾಳೆ.

ಆಗ ಅವಳಿಗೆ ಇಪ್ಪತ್ತೆರಡು. ಅಪ್ಪ ಅಮ್ಮ ಇಲ್ಲ. ಇದ್ದವಳು ಉಮೆ ಅಜ್ಜಿ ಒಬ್ಬಳೇ. ಊರಿಗೆಲ್ಲ ಒಂದೇ ಟೀವಿ ಇದ್ದ ಕಾಲ ಅದು.

ಬೇಸಿಗೆ ಕಾಲಿಡುತ್ತಿದ್ದ ಒಂದು ಮುಂಜಾವು. ಸವಾಕೊ ಒಲೆ ಹಚ್ಚಿ, ನೆನೆದ ಕಾಳು ತೆಗೆಯಲೆಂದು ದೀಪ ಹಿಡಿದು ತೊಟ್ಟಿಯ ಕಡೆ ಬಂದಳು. ತೊಟ್ಟಿಯ ಮೇಲಿನ ಗೋಡೆಯಲ್ಲಿ ಅಂಗೈ ಅಗಲದ ಜೇಡ ಕೂತಿತ್ತು. ಬಲೆ ನೇಯುವ ಜಾತಿಯಲ್ಲ, ಓಡಾಡಿ ಜಿರಲೆ ಹಿಡಿಯುವ ಜಾತಿ. ಅದು ಮನುಷ್ಯರ ತಂಟೆಗೆ ಬರುವುದಿಲ್ಲ ಎಂದು ಊರಿನ ಮಕ್ಕಳಿಗೂ ಗೊತ್ತು. ಆದರೆ ಗೊತ್ತಿರುವುದು ಬೇರೆ, ಮೂಗಿನ ಎದುರಿಗೇ ಎಂಟು ಕಾಲು ಅಗಲಿಸಿಕೊಂಡು ಕೂತಿರುವುದನ್ನು ನೋಡುವುದು ಬೇರೆ.

ಸವಾಕೊ ಗಂಟಲು ಹರಿಯುವ ಹಾಗೆ ಕಿರುಚಿದಳು.

ಹೊರಗೆ ಯಾರೋ ಓಡಿಬಂದ ಸದ್ದಾಯಿತು. ಬಾಗಿಲು ಸರಕ್ಕನೆ ಸರಿಯಿತು. ರೈಲ್ವೆ ಟೋಪಿ ಹಾಕಿದ ಉದ್ದನೆಯ ಆಳು ಒಳಗೆ ನುಗ್ಗಿ, ಬಾಗಿಲ ಮೇಲಿನ ಪಟ್ಟಿಗೆ ಹಣೆ ಹೊಡೆಸಿಕೊಂಡು, ಕೈಯಲ್ಲಿದ್ದ ಸಿಗ್ನಲ್ ದೀಪವನ್ನು ದೊಣ್ಣೆಯ ಹಾಗೆ ಎತ್ತಿ ನಿಂತ.

"ಎಲ್ಲಿ? ಕಳ್ಳ ಎಲ್ಲಿ?"

ಸವಾಕೊ ಗೋಡೆಯ ಕಡೆ ಬೆರಳು ತೋರಿಸಿದಳು. ಅವನು ದೀಪ ಎತ್ತಿ ನೋಡಿದ. ಹಸಿರು ಬೆಳಕಿನಲ್ಲಿ ಜೇಡದ ಕಣ್ಣು ಮಿನುಗಿದವು. ಮರುಕ್ಷಣ ಆ ಆರಡಿ ಆಳು ಕಾಳಿನ ಮೂಟೆಯ ಮೇಲೆ ಹತ್ತಿ ನಿಂತಿದ್ದ.

"ಅಯ್ಯೋ, ನೀವ್ಯಾಕೆ ಹತ್ತಿದ್ರಿ?" ಎಂದಳು ಸವಾಕೊ. ಭಯ ಅರ್ಧ ಇಳಿದಿತ್ತು.

"ಕಳ್ಳ ಆಗಿದ್ರೆ ನೋಡ್ಕೋತಿದ್ದೆ," ಎಂದ ಅವನು ಮೂಟೆಯ ಮೇಲಿಂದಲೇ. "ಇದಕ್ಕೆ ಕಾಲು ಜಾಸ್ತಿ."

ಅಷ್ಟರಲ್ಲಿ ಉಮೆ ಅಜ್ಜಿ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಬಂದಳು. ಮೂಟೆಯ ಮೇಲಿನ ಗಂಡಸನ್ನು ನೋಡಿದಳು, ಗೋಡೆಯ ಮೇಲಿನ ಜೇಡವನ್ನು ನೋಡಿದಳು. ಮೊದಲು ಯಾವುದಕ್ಕೆ ಹೊಡೆಯಬೇಕು ಎಂದು ಕ್ಷಣಕಾಲ ಯೋಚಿಸಿದಂತಿತ್ತು.

"ಸರಿ ಆ ಕಡೆ, ಸವಾ. ರಾತ್ರಿ ಜೇಡ ಕಳ್ಳರ ಬೇಹುಗಾರ. ಹೆತ್ತವರ ಮುಖ ಹೊತ್ಕೊಂಡು ಬಂದ್ರೂ ಬಿಡಬಾರ್ದು."

"ಬೇಡ ಅಜ್ಜಿ! ಇದು ರಾತ್ರಿ ಜೇಡ ಅಲ್ಲ. ಬೆಳಗಿನ ಜೇಡ. ಬೆಳಗಿನ ಜೇಡ ಬಂದ್ರೆ ಬೇಕಾದವರು ಬರ್ತಾರೆ ಅಂತ ನೀನೇ ಹೇಳ್ತಿದ್ದೆ."

"ಹೊರಗೆ ನೋಡೇ. ಕಾಡಿಗೆ ಬಳಿದ ಹಾಗಿದೆ. ಇದು ಬೆಳಗಾ?"

"ಒಲೆ ಹಚ್ಚಿ ಆಯ್ತಲ್ಲ!"

ಒಲೆ ಹಚ್ಚಿದ ಮೇಲೂ ಅದು ರಾತ್ರಿಯೇ ಎಂದರೆ ಅಜ್ಜಿ ತಾನು ಜೀವಮಾನವಿಡೀ ರಾತ್ರಿ ದುಡಿದೆ ಎಂದು ಒಪ್ಪಿಕೊಂಡ ಹಾಗಾಗುತ್ತಿತ್ತು. ಅವಳು ಮೂಟೆಯ ಕಡೆ ತಿರುಗಿದಳು.

"ಏನಪ್ಪಾ ರೈಲ್ವೆಯವನೇ, ನಿಮ್ಮದು ಗಡಿಯಾರದ ಬಾಳು. ನೀನೇ ಹೇಳು. ಇದು ರಾತ್ರಿನಾ, ಬೆಳಿಗ್ಗೆನಾ?"

ಅವನು ಜೇಬಿನಿಂದ ಗಡಿಯಾರ ತೆಗೆದ. ರಾತ್ರಿ ಪಾಳಿ ಮುಗಿಸಿ ಮನೆಗೆ ಹೋಗುತ್ತಿದ್ದವನು, ಇನ್ನೂ ಕಣ್ಣು ಮುಚ್ಚದವನು. ಗಡಿಯಾರ ನೋಡಿದ. ಆಮೇಲೆ ಸವಾಕೊಳ ಮುಖ ನೋಡಿದ. ಬೆಂಕಿಯ ಬೆಳಕು ಅವಳ ಒಂದು ಕೆನ್ನೆಗೆ ಬಿದ್ದಿತ್ತು. ಹಿಂದಿನ ದಿನದ ಸೋಯಾ ಹಿಂಡಿಯ ಒಂದು ಚೂರು ಹುಬ್ಬಿಗೆ ಅಂಟಿತ್ತು. ಕಣ್ಣು ಮಾತ್ರ 'ಹೇಳಿ, ಹೇಳಿ' ಎಂದು ಬೇಡುತ್ತಿತ್ತು.

"ಬೆಳಿಗ್ಗೆ," ಎಂದ ಅವನು. ಕಿವಿ ಎರಡೂ ಕೆಂಪಾಗಿದ್ದವು.

ಅಜ್ಜಿ ಚಪ್ಪಲಿ ಕೆಳಗೆ ಹಾಕಿ ಕಾಲು ತೂರಿಸಿದಳು. "ಸರಿ ಹಾಗಾದ್ರೆ. ಬೆಳಗಿನ ಜೇಡ ಬಂತು, ಅದರ ಹಿಂದೇನೇ ನೀನು ಬಂದೆ. ಇಳಿದು ಕೂತ್ಕೋ. ಸವಾ, ಹಾಲು ಒಡೆಸಿದ ಕೂಡಲೇ ಬಂದವರಿಗೆ ಒಂದು ಬಟ್ಟಲು ಬಿಸಿ ತೋಫು ಕೊಡು."

ಅವನ ಹೆಸರು ಸೇಕಿಚಿ. ಹತ್ತಿರದ ಸ್ಟೇಷನ್ನಿಗೆ ಹೊಸದಾಗಿ ಬಂದಿದ್ದ. ಹಳ್ಳಿಯ ರೈತರ ಮನೆಯ ಮೂರನೇ ಮಗ. ಅಚ್ಚಿಗೆ ಹಾಕುವ ಮುಂಚಿನ, ಆಗಷ್ಟೇ ಒಡೆದು ಗಟ್ಟಿಯಾಗುತ್ತಿರುವ ತೋಫುವನ್ನು ಅವನು ಅದುವರೆಗೆ ತಿಂದೇ ಇರಲಿಲ್ಲವಂತೆ. ಬಾಯಿ ಸುಟ್ಟುಕೊಂಡು, ಕಣ್ಣಲ್ಲಿ ನೀರು ತಂದುಕೊಂಡು, ಇನ್ನೊಂದು ಬಟ್ಟಲು ಕೇಳಲು ನಾಚಿ, ಖಾಲಿ ಬಟ್ಟಲನ್ನೇ ನೋಡುತ್ತಾ ಕೂತಿದ್ದ. ಸವಾಕೊ ಕೇಳದೆಯೇ ಬಡಿಸಿದಳು.

ಅಲ್ಲಿಂದ ಮುಂದೆ ರಾತ್ರಿ ಪಾಳಿ ಇದ್ದಾಗಲೆಲ್ಲ ಅವನಿಗೆ ತೋಫು ಅಂಗಡಿಯೇ ದಾರಿ. ಬಾಗಿಲಲ್ಲಿ ತಲೆ ತಗ್ಗಿಸುವುದನ್ನು ಮಾತ್ರ ಕಲಿಯಲಿಲ್ಲ.

"ಸ್ಟೇಷನ್ ಮಾಸ್ಟರ್ ಬಂದ್ರಾ?" ಎಂದು ಹಣೆ ಉಜ್ಜಿಕೊಳ್ಳುತ್ತಾ ಕೇಳುತ್ತಿದ್ದ.

ಸ್ಟೇಷನ್ ಮಾಸ್ಟರ್ ಎಂದರೆ ಜೇಡ. ಒಲೆ ಹತ್ತಿದ ಸ್ವಲ್ಪ ಹೊತ್ತಿಗೆ ಗೋಡೆಯ ಮೇಲೆ ತನಿಖೆಗೆ ಹೊರಡುತ್ತಿತ್ತು. ಬೀರುವಿನ ಹಿಂದಿನಿಂದ ಹೊರಟು ತೊಟ್ಟಿಯವರೆಗೆ, ತೊಟ್ಟಿಯಿಂದ ಹಂಡೆಯವರೆಗೆ. ಆ ವರ್ಷ ಅಂಗಡಿಯಲ್ಲಿ ಜಿರಲೆ ಎಂಬುದು ಹೆಸರಿಗೂ ಇರಲಿಲ್ಲ.

"ನಿಮ್ಮ ರೈಲಿಗಿಂತ ಸರಿಯಾದ ಟೈಮಿಗೆ ಬರತ್ತೆ," ಎನ್ನುತ್ತಿದ್ದಳು ಸವಾಕೊ.

"ಅದಕ್ಕೆ ಎಂಟು ಕಾಲು. ನಮಗೆ ಒಂದೇ ಇಂಜಿನ್ನು."

ಒಂದು ದಿನ ಜೇಡದ ಹೊಟ್ಟೆಯ ಕೆಳಗೆ ಬಿಳಿಯ ದುಂಡನೆಯ ಪೊಟ್ಟಣ ಕಂಡಿತು. ಸೇಕಿಚಿ ಮೂಟೆಯ ಹಿಂದಿನಿಂದಲೇ ಇಣುಕಿ, "ನೋಡಿ ಸವಾಕೊ ಸಾನ್, ಮಾಸ್ಟರ್ ಬುತ್ತಿ ಕಟ್ಕೊಂಡು ಡ್ಯೂಟಿಗೆ ಬಂದಿದ್ದಾರೆ!" ಎಂದ, ಮರ್ಯಾದೆಯ 'ಸಾನ್' ಬಿಡದೆ.

"ಬುತ್ತಿ ಅಲ್ಲ ಕಣೋ ಪೆದ್ದ, ಅದರ ತುಂಬ ಮೊಟ್ಟೆ," ಎಂದಳು ಅಜ್ಜಿ ಹಂಡೆ ಕದಡುತ್ತಾ. "ನಿಮ್ಮ ಮಾಸ್ಟರ್ ಹೆಂಗಸು."

ಆ ಮಾತಿಗೆ ನಕ್ಕ ನಗು ಎಷ್ಟು ಹೊತ್ತು ನಿಲ್ಲಲಿಲ್ಲವೆಂದರೆ, ಆ ದಿನ ಮೊದಲನೇ ಹಂಡೆಯ ಹಾಲು ಉಕ್ಕಿ ಒಲೆಗೆ ಹೋಯಿತು. ಅಜ್ಜಿ ಬೈದಳು. ಬೈಗುಳ ತಿನ್ನುತ್ತಾ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು, ತಕ್ಷಣ ಬೇರೆ ಕಡೆ ನೋಡಿದರು.

ಬೆಳಕು ಹರಿದ ಮೇಲೆ ಸವಾಕೊ ಸೈಕಲ್ಲಿಗೆ ತೋಫುವಿನ ಪೆಟ್ಟಿಗೆ ಕಟ್ಟಿ, ಹಿತ್ತಾಳೆಯ ಕೊಂಬು ಊದುತ್ತಾ ಬೀದಿ ಬೀದಿ ಸುತ್ತುತ್ತಿದ್ದಳು. ಪೇ... ಪೂ... ಆ ಸದ್ದಿಗೆ ಹೆಂಗಸರು ಪಾತ್ರೆ ಹಿಡಿದು ಹೊರಗೆ ಬರುತ್ತಿದ್ದರು. ರೈಲ್ವೆ ಕ್ವಾರ್ಟರ್ಸಿನ ಕಿಟಕಿಯ ಕೆಳಗೆ ಮಾತ್ರ ಅವಳ ಉಸಿರು ಯಾಕೋ ಉದ್ದವಾಗುತ್ತಿತ್ತು.

"ಈಗಷ್ಟೇ ಕಣ್ಣು ಮುಚ್ಚಿರ್ತೀನಿ. ಅಲ್ಲೇ ಬಂದು ಯಾಕೆ ಅಷ್ಟು ಊದ್ತೀರಿ?" ಎಂದು ಅವನು ದೂರಿದ.

"ಅಲ್ಲಿ ಗಿರಾಕಿ ಜಾಸ್ತಿ."

"ಆ ಕಟ್ಟಡದಲ್ಲಿ ಇರೋನು ನಾನೊಬ್ಬನೇ."

ಸವಾಕೊ ಕತ್ತಿಯನ್ನು ನೀರಿನಲ್ಲಿ ಅದ್ದಿ ತೋಫು ಕತ್ತರಿಸತೊಡಗಿದಳು. ಆ ದಿನ ತುಂಡುಗಳು ಒಂದಳತೆಗೆ ಬರಲಿಲ್ಲ.

ಇಷ್ಟೆಲ್ಲ ಆದರೂ ಮಾತು ಮಾತ್ರ ಮುಂದೆ ಹೋಗಲಿಲ್ಲ. ಸವಾಕೊಳ ಮದುವೆಯ ತೊಡಕು ಊರಿಗೆಲ್ಲ ಗೊತ್ತಿತ್ತು. ಅಂಗಡಿಗೆ ಅವಳೊಬ್ಬಳೇ ವಾರಸುದಾರಳು. ಅಜ್ಜಿಯನ್ನು ಬಿಟ್ಟು ಅವಳು ಹೋಗುವಂತಿಲ್ಲ. ಅವಳನ್ನು ಮದುವೆಯಾಗುವವನು ಮನೆ ಅಳಿಯನಾಗಿ ಬಂದು, ಈ ಮನೆಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡು, ಕತ್ತಲಲ್ಲಿ ಎದ್ದು ಒಲೆ ಹಚ್ಚಬೇಕು. ಬರುತ್ತೇನೆ ಎಂದು ಅವನು ಒಂದು ಮಾತು ಅಂದರೆ ಸಾಕಿತ್ತು. ಅವಳು ಕಾದಳು. ಅವನು ತೋಫು ತಿಂದ, ಜೇಡದ ಬಗ್ಗೆ ಮಾತಾಡಿದ, ಹೋದ.

ಎಲೆ ಕೆಂಪಾಗುವ ಹೊತ್ತಿಗೆ ಅವನಿಗೆ ವರ್ಗವಾಯಿತು. ಬೆಟ್ಟದ ಮೇಲಿನ ಓಕುನೊ ಎಂಬ ಪುಟ್ಟ ಸ್ಟೇಷನ್ನಿಗೆ.

ಕಡೆಯ ಮುಂಜಾವು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ತುಂಬಾ ಹೊತ್ತು ಕೂತಿದ್ದ. ತೋಫು ಆರಿಹೋಯಿತು. ಎದ್ದು, ಬಾಗಿಲಿನವರೆಗೆ ಹೋಗಿ, ತಿರುಗಿ ನಿಂತ. ಈಗ ಹೇಳುತ್ತಾನೆ ಎಂದು ಅವಳು ಸೌಟು ಕೆಳಗಿಟ್ಟಳು.

"ಸ್ಟೇಷನ್ ಮಾಸ್ಟರಿಗೆ ನನ್ನ ನಮಸ್ಕಾರ ಹೇಳಿ," ಎಂದ.

"ಹೇಳ್ತೀನಿ," ಎಂದಳು ಅವಳು.

ಇಬ್ಬರ ಕಿವಿಯನ್ನೂ ಹಿಡಿದು ಯಾರಾದರೂ ಹಿಂಡಬೇಕಿತ್ತು. ಹಿಂಡುವವರಿರಲಿಲ್ಲ. ಅವನು ಪಟ್ಟಿಗೆ ಹಣೆ ಹೊಡೆಸಿಕೊಳ್ಳದೆ, ಮೊದಲ ಸಲ ತಲೆ ತಗ್ಗಿಸಿ ಹೊರಗೆ ಹೋದ. ಅದನ್ನು ನೋಡಿ ಅವಳಿಗೆ ಅಳು ಬಂತು. ಚಳಿ ಹೆಚ್ಚಿದ ಮೇಲೆ ಜೇಡವೂ ಕಾಣಿಸಿಕೊಳ್ಳಲಿಲ್ಲ. ಗೋಡೆ ಬರಿದಾಯಿತು, ಮೂಟೆ ಬರಿದಾಯಿತು. ಕೊಂಬಿನ ಸದ್ದು ಕ್ವಾರ್ಟರ್ಸಿನ ಕೆಳಗೆ ಉಳಿದೆಡೆಗಿಂತ ಗಿಡ್ಡವಾಯಿತು.

ಚಳಿಗಾಲ ಮುಗಿಯುವಷ್ಟರಲ್ಲಿ ಪಕ್ಕದ ಊರಿನ ಎಣ್ಣೆ ವ್ಯಾಪಾರಿಯ ಎರಡನೇ ಮಗನ ಸಂಬಂಧ ಬಂತು. ಮನೆ ಅಳಿಯನಾಗಿ ಬರಲು ಒಪ್ಪಿದ್ದ. ಒಳ್ಳೆಯವನೇ. "ಬಂದು ನೋಡ್ಲಿ," ಎಂದಳು ಸವಾಕೊ. ಅಜ್ಜಿಯ ಬೆನ್ನು ಬಾಗುತ್ತಿತ್ತು. ಬೇಡವೆನ್ನಲು ಅವಳ ಬಳಿ ಯಾವ ಕಾರಣವೂ ಇರಲಿಲ್ಲ.

ಅವರು ಬರುವ ಹಿಂದಿನ ದಿನ ರಾತ್ರಿ ಊಟ ಮುಗಿಸಿ, ನಡುಮನೆಯಲ್ಲಿ ಬೀಗರಾಗುವವರಿಗೆಂದು ಅಜ್ಜಿ ಮೊಮ್ಮಗಳಿಬ್ಬರೂ ನೆಲಕ್ಕೆ ಕೂರುವ ಹೊಸ ದಿಂಬು ಹಾಸುತ್ತಿದ್ದರು. ಕಾಗದ ಹಚ್ಚಿದ ಜಾರುಬಾಗಿಲ ಮೇಲೆ ಚರಚರ ಸದ್ದಾಯಿತು. ಒಲೆಯ ಶಾಖಕ್ಕೆ ಚಳಿ ಬಿಟ್ಟು ಸ್ಟೇಷನ್ ಮಾಸ್ಟರ್ ಹೊರಬಂದಿತ್ತು. ಬೇರೆ ಎಲ್ಲೂ ಅಲ್ಲ, ವರ ಕೂರಬೇಕಾದ ದಿಂಬಿನ ಪಕ್ಕದಲ್ಲೇ ಇಳಿಯಿತು.

ಅಜ್ಜಿಯ ಕೈ ಚಪ್ಪಲಿಗೆ ಹೋಯಿತು. "ಈ ಸಲ ಬಿಡಲ್ಲ. ಈಗಷ್ಟೇ ಊಟ ಆಗಿದೆ, ದೀಪ ಹಚ್ಚಿದೆ. ಇದು ರಾತ್ರಿ ಅಲ್ಲ ಅಂತ ಯಾರು ಹೇಳ್ತಾರೋ ನೋಡ್ತೀನಿ."

ಸವಾಕೊ ಅಡಿಗೆಮನೆಗೆ ಓಡಿ ಬಿದಿರಿನ ಬುಟ್ಟಿ ತಂದು ಜೇಡದ ಮೇಲೆ ಕವುಚಿ, ಅದರ ಮೇಲೆ ಕೈಯೂರಿ ಪಕ್ಕದಲ್ಲಿ ಕೂತುಬಿಟ್ಟಳು.

"ಕೈ ತೆಗಿ, ಸವಾ."

"ತೆಗೆಯಲ್ಲ. ರಾತ್ರಿ ಅಂತ ನನಗೂ ಗೊತ್ತು. ಬೆಳಗಾಗೋವರೆಗೂ ಇದು ಹೀಗೇ ಇರ್ಲಿ. ಆಮೇಲೆ ಬಿಡ್ತೀನಿ."

ಅಜ್ಜಿ ಚಪ್ಪಲಿ ಕೆಳಗಿಟ್ಟಳು. "ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಅಲ್ವಾ?" ಎಂದು ಗೊಣಗಿ ಮಲಗಲು ಹೋದಳು.

ಸವಾಕೊ ಬುಟ್ಟಿಯ ಪಕ್ಕದಲ್ಲೇ ಮಲಗಿದಳು. ಒಳಗೆ ಆಗೊಮ್ಮೆ ಈಗೊಮ್ಮೆ ಬಿದಿರು ಕೆರೆದ ಸದ್ದು ಬರುತ್ತಿತ್ತು. ಒಂದು ಕಾಲದಲ್ಲಿ ಆ ಸದ್ದಿಗೇ ಮೈ ಜುಮ್ಮೆನ್ನುತ್ತಿತ್ತು. ಈಗ ಮನೆಯಲ್ಲಿ ತನ್ನ ಮನಸ್ಸು ಬಲ್ಲ ಜೀವ ಅದೊಂದೇ ಅನ್ನಿಸಿತು.

ಎದ್ದವಳೇ ಒಲೆ ಹಚ್ಚಿದಳು. ಉರಿ ಹತ್ತಿತು ಎಂದು ಖಚಿತ ಮಾಡಿಕೊಂಡು ಬಂದು ಬುಟ್ಟಿ ಎತ್ತಿದಳು. ಜೇಡ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ಅವಸರವಿಲ್ಲದೆ ಬೀರುವಿನ ಹಿಂದಕ್ಕೆ ಹೋಯಿತು.

ಬೆಳಗಿನ ಜೇಡ. ಇನ್ನು ಬರಬೇಕಾದವರು ಬರಬೇಕು.

ಹಾಲು ಕುದಿಸುತ್ತಾ ಬಾಗಿಲ ಕಡೆ ನೋಡಿದಳು. ಹಾಲು ಒಡೆಸುತ್ತಾ ನೋಡಿದಳು. ಅಚ್ಚಿಗೆ ಹಾಕುತ್ತಾ ನೋಡಿದಳು. ಮೀನು ಮಾರುವವಳು ಬಂದಳು, ಬೆಕ್ಕು ಬಂತು, ಕಿಟಕಿಗೆ ಬೆಳಕು ಬಂತು. ಬೇರೆ ಯಾರೂ ಬರಲಿಲ್ಲ. ಅವಳ ಕಣ್ಣೀರು ತೋಫುವಿನ ತೊಟ್ಟಿಗೇ ಬಿತ್ತು.

"ಸಾಕು, ಉಪ್ಪು ಜಾಸ್ತಿ ಆಗತ್ತೆ," ಎಂದಳು ಹಿಂದಿನಿಂದ ಅಜ್ಜಿ. ದನಿ ಮೆತ್ತಗಿತ್ತು. "ಜೇಡಾನ ರಾತ್ರಿಯಿಡೀ ಬುಟ್ಟಿ ಕೆಳಗೆ ಕೂರಿಸಿದ್ಯಲ್ಲ, ಯಾರು ಬರ್ಲಿ ಅಂತ? ಆ ಪಟ್ಟಿಗೆ ಹಣೆ ಹೊಡ್ಕೊಳ್ಳೋನಾ?"

"ಅವರು ಕೇಳಲೇ ಇಲ್ಲ ಅಜ್ಜಿ. ಕಡೇ ದಿನಾನೂ ಕೇಳ್ಲಿಲ್ಲ. ಬರೀ ಜೇಡಕ್ಕೆ ನಮಸ್ಕಾರ ಹೇಳಿ ಅಂದ್ರು."

ಅಜ್ಜಿ ಹಣೆ ಚಚ್ಚಿಕೊಂಡಳು. "ಅವನು ಹೇಗೆ ಕೇಳ್ತಾನೇ, ಪೆದ್ದಿ? ಸೊಸೆ ತರೋದಾದ್ರೆ ಗಂಡಿನವರು ಕೇಳ್ತಾರೆ. ಮನೆ ಅಳಿಯನ್ನ ತರೋದಾದ್ರೆ ಕೇಳಬೇಕಾದವರು ನಾವು! ಏನೂ ಇಲ್ಲದ ಮನೆಯ ಮೂರನೇ ಮಗ ತಾನಾಗೇ ಬಾಯಿ ಬಿಟ್ರೆ, ಅಂಗಡಿ ಮೇಲೆ ಕಣ್ಣು ಹಾಕಿದ ಅಂತ ಊರು ಉಗಿಯತ್ತೆ. ನಿಮ್ಮ ತಾತಾನೂ ಹಾಗೇ. ಇದೇ ಬಾಗಿಲಲ್ಲಿ ತೋಫು ತಿಂದೂ ತಿಂದೂ ಹೊಟ್ಟೆ ಕೆಡಿಸ್ಕೊಂಡ್ರೇ ಹೊರತು ಒಂದು ಮಾತಾಡ್ಲಿಲ್ಲ. ಕಡೆಗೆ ನಮ್ಮಪ್ಪನೇ ಹೋಗಿ ಕೇಳಿದ್ದು."

ಸವಾಕೊಳ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅವನು ಬಟ್ಟಲು ಹಿಡಿದು ಕೂತಿದ್ದದ್ದು, ತೋಫು ಆರಿದ್ದು, ತಿರುಗಿ ನಿಂತದ್ದು ಎಲ್ಲ ನೆನಪಾಯಿತು. ಅವನೂ ಕಾಯುತ್ತಿದ್ದ. ಅವಳ ಬಾಯಿಯನ್ನೇ ನೋಡುತ್ತಾ ಕಾಯುತ್ತಿದ್ದ.

"ನನಗೂ ವಯಸ್ಸಾಯ್ತು, ಹೊಳೀಲಿಲ್ಲ," ಎಂದು ಅಜ್ಜಿ ಅವಳ ಕೈಯಿಂದ ಸೌಟು ಕಿತ್ತುಕೊಂಡಳು. "ಮಧ್ಯಸ್ಥರನ್ನ ಕಳಿಸೋಕೆ ಹೊತ್ತಿಲ್ಲ. ಮೊದಲನೇ ರೈಲು ಇನ್ನೂ ಹೋಗಿಲ್ಲ. ನೀನೇ ಹೋಗು."

"ಅಜ್ಜಿ, ಇವತ್ತು ಅವರೆಲ್ಲ ಬರ್ತಾರಲ್ಲ!"

"ಬರ್ಲಿ. ತಪ್ಪಾಯ್ತು ಅಂತ ತಲೆ ಬಾಗಿಸ್ತೀನಿ. ಅದಕ್ಕೂ ಒಪ್ಪದಿದ್ರೆ ಬೀರು ಸರಿಸ್ತೀನಿ. ಮಾಸ್ಟರನ್ನ ನೋಡಿ ತಾವಾಗೇ ಎದ್ದು ಹೋಗ್ತಾರೆ."

ಸವಾಕೊ ಚಿಕ್ಕ ಬಕೆಟ್ಟಿನ ನೀರಿನಲ್ಲಿ ತೋಫು ಇಟ್ಟುಕೊಂಡು, ಕೆಲಸದ ಏಪ್ರನ್ನಿನಲ್ಲೇ ಸ್ಟೇಷನ್ನಿಗೆ ಓಡಿದಳು. ರೈಲು ಹತ್ತಿ ಕೂತ ಮೇಲೆ ಜೇಬಿನಲ್ಲಿ ಏನೋ ಚುಚ್ಚಿತು. ತೆಗೆದು ನೋಡಿದರೆ ಹಿತ್ತಾಳೆಯ ಕೊಂಬು.

ಬೆಟ್ಟ ಹತ್ತುತ್ತಾ ಹತ್ತುತ್ತಾ ರೈಲು ಏದುಸಿರು ಬಿಟ್ಟಿತು. ಅವಳ ಎದೆಯೂ ಅಷ್ಟೇ. ಬಕೆಟ್ಟಿನ ನೀರು ತುಳುಕಿ ಎದುರಿನ ಸೀಟಿನ ಮುದುಕನ ಕಾಲು ಒದ್ದೆಯಾಯಿತು. ಅವನು ಬೈಯಲು ಬಾಯಿ ತೆರೆದು, ಅವಳ ಮುಖ ನೋಡಿ ಕಾಲು ಹಿಂದಕ್ಕೆ ಎಳೆದುಕೊಂಡ.

ಓಕುನೊದಲ್ಲಿ ಇನ್ನೂ ನೆರಳಿದ್ದ ಕಡೆಯೆಲ್ಲ ಹಿಮ ಉಳಿದಿತ್ತು. ಮಂಜು ಕವಿದ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಉದ್ದನೆಯ ಆಳೊಬ್ಬ ಹಸಿರು ಬಾವುಟ ಹಿಡಿದು ಆಚೆ ಮುಖ ಮಾಡಿ ನಿಂತಿದ್ದ. ಸವಾಕೊ ಇಳಿದಳು. ಹೆಸರು ಹಿಡಿದು ಕೂಗುವ ಬದಲು ಕೊಂಬು ಬಾಯಿಗಿಟ್ಟು ಊದಿದಳು. ಕ್ವಾರ್ಟರ್ಸಿನ ಕಿಟಕಿಯ ಕೆಳಗೆ ಊದುತ್ತಿದ್ದಷ್ಟೇ ಉದ್ದ.

ಪೇ... ಪೂ...

ಬಾವುಟ ಕೆಳಗೆ ಬಿತ್ತು. ಸೇಕಿಚಿ ತಿರುಗಿದ. ಓಡಿಬಂದವನು ಎರಡು ಮಾರು ದೂರದಲ್ಲಿ ಗಕ್ಕನೆ ನಿಂತ.

"ಸವಾಕೊ ಸಾನ್... ಅಜ್ಜಿ? ಅಜ್ಜಿ ಆರಾಮಾಗಿದ್ದಾರಾ?"

"ಆರಾಮಾಗಿದ್ದಾರೆ. ಬೆಳಗಿನ ಜೇಡ ಬಂದಿತ್ತು."

"ಹಾಂ?"

"ಬೇಕಾದವರು ಬರ್ತಾರೆ ಅಂತ ಕಾದೆ. ನೀವು ಬರ್ಲಿಲ್ಲ." ಅವಳು ಬಕೆಟ್ಟು ಕೆಳಗಿಟ್ಟು ಅಜ್ಜಿ ಹೇಳಿಕೊಟ್ಟ ಹಾಗೆ ಆಳವಾಗಿ ತಲೆ ಬಾಗಿಸಿದಳು. "ಅದಕ್ಕೇ ಕೇಳೋಕೆ ಬಂದೆ. ನಮ್ಮ ಮನೆಗೆ ಬರ್ತೀರಾ? ಒಂದು ಬಟ್ಟಲು ತೋಫು ತಿಂದು ಹೋಗೋಕಲ್ಲ. ಇರೋಕೆ."

ಅವನು ಟೋಪಿ ತೆಗೆದ. ಮತ್ತೆ ಹಾಕಿಕೊಂಡ. ಕಿವಿ ಎರಡೂ ಕೆಂಪಾಗಿದ್ದವು.

"ಮನೇಲಿ ಮೂರು ಹಿಡಿ ತವುಡಿದ್ರೂ ಮನೆ ಅಳಿಯ ಆಗಬೇಡ ಅಂತಾರೆ," ಎಂದ.

ಸವಾಕೊಳ ಮುಖ ಬಾಡಿತು. "ಅಂದ್ರೆ... ಬರಲ್ವಾ?"

"ನಮ್ಮನೇಲಿ ತವುಡೂ ಇಲ್ಲ."

ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ. "ನಮ್ಮಲ್ಲಿ ಸೋಯಾ ಹಿಂಡಿ ಇದೆ. ಬೇಕಾದಷ್ಟು."

"ನಾನು ಕೇಳಬೇಕು ಅಂತ ಎಷ್ಟು ಸಲ ಅಂದ್ಕೊಂಡೆ ಗೊತ್ತಾ? ಅಂಗಡಿ ಆಸೆಗೆ ಬಂದ ಅಂತ ನೀನು ಅಂದ್ಕೊಂಡುಬಿಟ್ರೆ ಅನ್ನೋ ಭಯ. ಜೇಡಕ್ಕಿಂತ ಅದೇ ಜಾಸ್ತಿ ಭಯ." ಅವನ ಬಾಯಲ್ಲಿ ಇಷ್ಟು ದಿನ ಇದ್ದ 'ನೀವು' ಎಲ್ಲಿ ಹೋಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ. "ಒಂದು ಮಾತು ಹೇಳ್ತೀನಿ. ಆ ದಿನ ನಾನು ಸುಳ್ಳು ಹೇಳಿದ್ದೆ. ನನ್ನ ಗಡಿಯಾರದಲ್ಲಿ ಅದು ಅಪ್ಪಟ ರಾತ್ರಿ."

"ಗೊತ್ತಿತ್ತು."

"ಹೇಗೆ?"

"ಕಿವಿ ಕೆಂಪಾಗಿತ್ತು. ಯಾಕೆ ಹೇಳಿದ್ರಿ?"

"ನಿನಗೆ ಬೆಳಗಾಗಿತ್ತಲ್ಲ. ನಾನೊಬ್ಬನೇ ರಾತ್ರೀಲಿ ಇರೋಕೆ ಮನಸ್ಸಾಗ್ಲಿಲ್ಲ."

ಗಾರ್ಡು ಸೀಟಿ ಊದಿದ. ಕಿಟಕಿಗಳಿಂದ ತಲೆಗಳು ಹೊರಬಂದವು. ಒದ್ದೆ ಕಾಲಿನ ಮುದುಕ, "ಬಾವುಟ ತೋರಿಸಪ್ಪಾ, ಆಮೇಲೆ ಮದುವೆ ಆಗುವೆಯಂತೆ!" ಎಂದು ಕೂಗಿದ. ಸೇಕಿಚಿ ಓಡಿಹೋಗಿ ಬಾವುಟ ಹೆಕ್ಕಿ ಬೀಸಿದ. ಅವನ ನೌಕರಿಯಲ್ಲಿ ಅವನಿಂದ ತಡವಾದ ರೈಲು ಅದೊಂದೇ. ಅಳಿಯನಾಗಿ ಬಂದ ಮೇಲೆ, ಮಕ್ಕಳಿಗೆ ಆ ಕಥೆ ಹೇಳುವಾಗಲೆಲ್ಲ ಅದನ್ನು ಪದಕ ತೋರಿಸುವ ಹಾಗೆ ಹೇಳುತ್ತಿದ್ದ.

ರೈಲು ತಿರುವಿನಲ್ಲಿ ಮರೆಯಾಯಿತು. ಬೆಟ್ಟದಲ್ಲಿ ಸದ್ದಡಗಿತು. ಮಂಜು ಇನ್ನೂ ದಟ್ಟವಾಗಿದ್ದು, ಸ್ಟೇಷನ್ನಿನ ದೀಪಗಳು ಉರಿಯುತ್ತಲೇ ಇದ್ದವು. ಅವನ ರಾತ್ರಿ ಪಾಳಿ ಇನ್ನೂ ಮುಗಿದಿರಲಿಲ್ಲ.

"ಹಾಗಾದ್ರೆ ಈಗ ಹೇಳಿ, ರೈಲ್ವೆಯವರೇ," ಎಂದಳು ಸವಾಕೊ ಅಜ್ಜಿಯ ದನಿಯಲ್ಲಿ. "ಇದು ರಾತ್ರಿನಾ, ಬೆಳಿಗ್ಗೆನಾ?"

ಅವನ ಕೈ ಅಭ್ಯಾಸಬಲದಿಂದ ಗಡಿಯಾರದ ಜೇಬಿಗೆ ಹೋಯಿತು. ಅಲ್ಲೇ ಒಂದು ಕ್ಷಣ ನಿಂತು, ಬರಿದಾಗಿಯೇ ಹೊರಬಂದು, ನೆಲದ ಮೇಲಿದ್ದ ತೋಫುವಿನ ಬಕೆಟ್ಟನ್ನು ಎತ್ತಿಕೊಂಡಿತು.

"ಬೆಳಿಗ್ಗೆ," ಎಂದ.